ಕೊರಳಿಗೆ ತಕ್ಕ ಶ್ರುತಿ: ಗಿಟಾರಿನ ಕೇಪೋ

ಹಾಡುವವರ ಕೊರಳಿಗೂ ನುಡಿಸುವವರ ವಾದ್ಯಕ್ಕೂ ಶ್ರುತಿಯ ವಿಷಯದಲ್ಲಿ ತಕರಾರು ಬಂದರೆ ಬಗ್ಗಬೇಕಾದದ್ದು ಯಾವುದು? ನಮ್ಮ ಸಂಗೀತದಲ್ಲಿ ಈ ಪ್ರಶ್ನೆಗೆ ಎರಡು ಮಾತಿಲ್ಲ. ಗಾಯಕರು "ನನ್ನದು ಒಂದೂವರೆ ಮನೆ" ಎಂದರೆ ಪಿಟೀಲಿನವರು ಬಿರಡೆ ತಿರುವಿ ಅಲ್ಲಿಗೆ ಬರುತ್ತಾರೆ; ಮರುದಿನ ಗಾಯಕಿಯೊಬ್ಬರು "ಐದು ಮನೆ" ಎಂದರೆ ಮತ್ತೆ ತಿರುವುತ್ತಾರೆ. ಕೊಳಲಿನವರ ಚೀಲದಲ್ಲಿ ಹಲವು ಕೊಳಲುಗಳು, ಒಂದೊಂದು ಶ್ರುತಿಗೆ ಒಂದೊಂದು. ಹಾರ್ಮೋನಿಯಂ ಮಾತ್ರ ಹಟಮಾರಿ. ಅದಕ್ಕೂ 'ಸ್ಕೇಲ್ ಚೇಂಜರ್' ಎಂಬ ಪೆಟ್ಟಿಗೆ ಬಂತು. ಅದರಲ್ಲಿ ಮನೆಗಳ ಸಾಲನ್ನೇ ಇಡಿಯಾಗಿ ಪಕ್ಕಕ್ಕೆ ಸರಿಸಬಹುದು. ಬೆರಳುಗಳು ತಾವು ಬಲ್ಲ ದಾರಿಯಲ್ಲೇ ನಡೆಯುತ್ತವೆ, ಹೊರಡುವ ನಾದ ಮಾತ್ರ ಬೇರೆ ಶ್ರುತಿಯದು.

ಗಿಟಾರಿನಲ್ಲಿ ಇದೇ ಕೆಲಸವನ್ನು ಮಾಡುವ ಸಲಕರಣೆಯೊಂದಿದೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಹೆಸರು ಕೇಪೋ. ದಂಡಿಯ ಮೇಲೆ ಯಾವುದಾದರೊಂದು ಮೆಟ್ಟಿಲಿನ ಹಿಂದೆ ಅಡ್ಡಲಾಗಿ ಕೂತು ಆರೂ ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವುದೇ ಇದರ ಉದ್ಯೋಗ. ಇದಕ್ಕೊಂದು ಚರಿತ್ರೆ ಇರಬಹುದೆಂದು ಯಾರೂ ಸಾಮಾನ್ಯವಾಗಿ ಯೋಚಿಸುವುದಿಲ್ಲ. ನಾಲ್ಕೈದು ಬಗೆಯ ಕೇಪೋಗಳನ್ನು ಮೇಜಿನ ಮೇಲೆ ಹರವಿಕೊಂಡು, ಒಂದೊಂದನ್ನೇ ತೊಡಿಸಿ, ನುಡಿಸಿ, ಬಿಚ್ಚಿ ನೋಡುತ್ತ ಬಂದಂತೆ ಇದರ ಹಿಂದೆ ಒಂದು ದೀರ್ಘವಾದ ಕಥೆಯಿದೆ ಎಂಬುದು ನನಗೆ ತಿಳಿಯುತ್ತ ಬಂತು. ಆ ಕಥೆಯ ತಿರುಳು ಎರಡು ಸಂಗತಿಗಳಲ್ಲಿದೆ: ಒಂದು ಮನುಷ್ಯನ ಕೊರಳು, ಇನ್ನೊಂದು ಒತ್ತಡ.

ಮೊದಲು, ಗಿಟಾರಿಗೆ ಇದೇಕೆ ಬೇಕು ಎಂದು ಕೇಳೋಣ. ಪಿಟೀಲಿನವರಂತೆ ಬಿರಡೆ ತಿರುವಿದರಾಗದೆ? ಆಗದು. ತಂತಿಯ ಬಿಗಿತ ಶ್ರುತಿಯ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಮೂರು ಮನೆಯ ಶ್ರುತಿಯಿಂದ ಐದು ಮನೆಗೆ, ಅಂದರೆ ಮೂರು ಅರ್ಧಸ್ವರ ಮೇಲಕ್ಕೆ ಆರೂ ತಂತಿಗಳನ್ನು ಏರಿಸಿದರೆ ಬಿಗಿತ ಶೇಕಡಾ 41ರಷ್ಟು ಹೆಚ್ಚುತ್ತದೆ. ಉಕ್ಕಿನ ತಂತಿಯ ಸಾಧಾರಣ ಗಿಟಾರೊಂದರ ಮೇಲೆ ಆರು ತಂತಿಗಳೂ ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆತ ಮೊದಲೇ ಇರುತ್ತದೆ. ಅದನ್ನು 100 ಕಿಲೋಗೆ ಏರಿಸಿದರೆ ತಂತಿ ಹರಿದೀತು, ತಂತಿ ತಾಳಿಕೊಂಡರೆ ಕುದುರೆ ಕಿತ್ತುಬಂದೀತು.

ಬೆರಳುಗಳನ್ನೇ ಬೇರೆ ಕಡೆ ಇಡಬಹುದಲ್ಲ ಎಂದರೆ, ಅದು ಸಾಧ್ಯ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಉಳಿದ ಬೆರಳುಗಳಿಂದ ಸ್ವರಗುಚ್ಛ ಕಟ್ಟುವ ಕ್ರಮ ಉಂಟು. ಆದರೆ ಗಿಟಾರಿನ ಸೊಬಗಿನಲ್ಲಿ ಬಹುಪಾಲು ಬಿಟ್ಟ ತಂತಿಗಳದು. ಬೆರಳು ಮುಟ್ಟದೆ ಮೇರುವಿನಿಂದ ಕುದುರೆಯವರೆಗೆ ತಾನೇ ತಾನಾಗಿ ಮಿಡಿಯುವ ತಂತಿಯ ದನಿ ತಂಬೂರಿಯ ದನಿಯಂತೆ ಹಿಂದೆ ತುಂಬಿಕೊಂಡಿರುತ್ತದೆ. ಬೆರಳು ಅಡ್ಡ ಬಿದ್ದ ಕೂಡಲೇ ಅದು ಮಾಯ. ಕೇಪೋ ಮಾಡುವ ಉಪಕಾರ ಇಷ್ಟೆ: ಮೇರುವನ್ನೇ ಎತ್ತಿ ಮುಂದಕ್ಕೆ ಇಡುತ್ತದೆ. 650 ಮಿಲಿಮೀಟರು ಉದ್ದದ ತಂತಿ ಎರಡನೆಯ ಮೆಟ್ಟಿಲಿನಲ್ಲಿ 579 ಆಗುತ್ತದೆ, ಐದರಲ್ಲಿ 487, ಏಳರಲ್ಲಿ 434. ಬಿಟ್ಟ ತಂತಿ ಬಿಟ್ಟ ತಂತಿಯಾಗಿಯೇ ಉಳಿಯುತ್ತದೆ, ಉದ್ದ ಮಾತ್ರ ಕಡಿಮೆ.

ಹೆಸರು ಇಟಲಿಯದು. 'ಕಾಪೋ' ಎಂದರೆ ತಲೆ, 'ತಾಸ್ತೋ' ಎಂದರೆ ಬೆರಳಿಡುವ ಪಟ್ಟಿ. ಕಾಪೋತಾಸ್ತೋ ಎಂದರೆ ಪಟ್ಟಿಯ ತಲೆ. 1640ರಲ್ಲಿ ಜೊವಾನ್ನಿ ಬಾತ್ತಿಸ್ತಾ ದೋನಿ ಎಂಬ ಸಂಗೀತಶಾಸ್ತ್ರಜ್ಞ ಈ ಪದವನ್ನು ಬಳಸಿದ್ದಾನೆ. ಆದರೆ ಅವನ ಮನಸ್ಸಿನಲ್ಲಿದ್ದದ್ದು ವಯೋಲಾ ದ ಗಂಬಾ ಎಂಬ ಕಮಾನಿನ ವಾದ್ಯದ ಮೇರು, ಸ್ಥಿರವಾಗಿರುವ ಮೇರು. ಹೆಸರು ಮೊದಲು ಅಚಲವಾದ ವಸ್ತುವಿಗೆ ಇದ್ದು, ಆಮೇಲೆ ಚಲಿಸುವ ವಸ್ತುವಿಗೆ ದಾಟಿತು. ಪದಗಳ ಚರಿತ್ರೆಯಲ್ಲಿ ಆಸಕ್ತಿಯುಳ್ಳವರಿಗೆ ಇದು ರುಚಿಸಬಹುದು.

ಚಲಿಸುವ ಮೇರುವಿನ ಸ್ಪಷ್ಟವಾದ ಕುರುಹು ಸಿಗುವುದು ಹದಿನೆಂಟನೆಯ ಶತಮಾನದ ಬ್ರಿಟನ್ನಿನಲ್ಲಿ. ಅಲ್ಲಿ ಆಗ 'ಗಿಟಾರ್' ಎಂದು ಕರೆಯುತ್ತಿದ್ದ ವಾದ್ಯ ಇಂದಿನ ಗಿಟಾರಲ್ಲ. ಹೊಟ್ಟೆ ದುಂಡಗಿನ, ಲೋಹದ ಹತ್ತು ತಂತಿಗಳ, ಸುಖವಂತರ ಮನೆಯ ಹೆಣ್ಣುಮಕ್ಕಳು ಹಾಡಿಗೆ ಜೊತೆಯಾಗಿ ನುಡಿಸುತ್ತಿದ್ದ ವಾದ್ಯ. 1758ರಲ್ಲಿ ಎಡಿನ್‌ಬರೋದ ರಾಬರ್ಟ್ ಬ್ರೆಮ್ನರ್ ಅದನ್ನು ಕಲಿಯುವವರಿಗಾಗಿ ಪುಸ್ತಕವೊಂದನ್ನು ಅಚ್ಚುಹಾಕಿದ. ಈ ವಾದ್ಯದ ತಂತಿಗಳನ್ನು ಕೂಡಿಸುತ್ತಿದ್ದದ್ದೇ ಸಿ ಎಂಬ ಸ್ವರದ ಮೇಳಕ್ಕೆ, ನಮ್ಮ ಲೆಕ್ಕದಲ್ಲಿ ಒಂದನೆಯ ಮನೆಗೆ. ಬೆರಳನ್ನೇ ಇಡದೆ ಮೀಟಿದರೂ ಇಡೀ ಮೇಳ ಮಿಡಿಯುತ್ತದೆ. ಅನುಕೂಲ ದೊಡ್ಡದು, ಬಂಧನವೂ ಅಷ್ಟೇ ದೊಡ್ಡದು: ಒಂದನೆಯ ಮನೆಯಲ್ಲಿ ಹಾಡಲಾಗದ ಹುಡುಗಿ ಏನು ಮಾಡಬೇಕು? ಅದಕ್ಕಾಗಿ ಮೊದಲ ಕೆಲವು ಮೆಟ್ಟಿಲುಗಳ ನಡುವೆ ದಂಡಿಯಲ್ಲೇ ಆರಪಾರ ರಂಧ್ರಗಳನ್ನು ಕೊರೆಯುತ್ತಿದ್ದರು. ತಂತಿಗಳ ಮೇಲೆ ಪುಟ್ಟದೊಂದು ಅಡ್ಡಪಟ್ಟಿ ಇಟ್ಟು, ರಂಧ್ರದ ಮೂಲಕ ತಿರುಪುಮೊಳೆ ತೂರಿಸಿ, ಹಿಂದಿನಿಂದ ಕಿವಿಯುಳ್ಳ ತಿರುಪಿನಿಂದ ಬಿಗಿಯುವುದು. ಒಂದು ರಂಧ್ರ ದಾಟಿದರೆ ಅರ್ಧಸ್ವರ ಮೇಲೆ. ಯೂರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಈ ವಾದ್ಯಗಳ ಕತ್ತಿನಲ್ಲಿ ಆ ರಂಧ್ರಗಳನ್ನು ಇಂದಿಗೂ ಎಣಿಸಬಹುದು. ಹಾಡುವವಳ ಅನುಕೂಲಕ್ಕಾಗಿ ವಾದ್ಯದ ಕತ್ತಿಗೇ ತೂತು ಕೊರೆದ ಕುಶಲಕರ್ಮಿಗಳನ್ನು ನೆನೆದರೆ ನನಗೆ ಗೌರವವೆನಿಸುತ್ತದೆ.

ಸ್ಪೇನಿನಲ್ಲಿ ಇದಕ್ಕೆ ಇಟ್ಟ ಹೆಸರು ಇನ್ನೂ ಮುದ್ದಾದದ್ದು: ಸೆಹೀಯಾ, ಎಂದರೆ ಪುಟ್ಟ ಹುಬ್ಬು. ಕರಿಮರದ ಅಥವಾ ಬೀಟೆಯ ತುಂಡೊಂದಕ್ಕೆ ಕೆಳಗಡೆ ತೊಗಲಿನ ಪಟ್ಟಿ ಅಂಟಿಸಿ, ನಡುವೆ ಪಿಟೀಲಿನ ಬಿರಡೆಯಂಥದೇ ಬಿರಡೆಯನ್ನು ಸಿಕ್ಕಿಸಿರುತ್ತಾರೆ. ಬಿರಡೆಯಿಂದ ಹೊರಟ ತಂತಿಯ ತುಂಡು ದಂಡಿಯನ್ನು ಬಳಸಿ ಬಂದು ಮರದ ಇನ್ನೊಂದು ತುದಿಗೆ ಸೇರುತ್ತದೆ. ಬಿರಡೆ ತಿರುವಿದರೆ ಹುಬ್ಬು ಗಂಟಿಕ್ಕುತ್ತದೆ, ತಂತಿಗಳು ಒತ್ತಿಕೊಳ್ಳುತ್ತವೆ. ಉಗುರುಬೆಚ್ಚಗಿನ ಮರದ ಈ ತುಂಡು ಫ್ಲಮೆಂಕೋ ಗಾಯನದ ಜೀವಾಳ. ಫ್ಲಮೆಂಕೋದಲ್ಲಿ ಗಿಟಾರು ಇಂದು ಎಷ್ಟೇ ಮೆರೆದರೂ ಮೂಲದಲ್ಲಿ ಅದು ಗಾಯಕನ ಹಿಂಬಾಲಕ. ಗಾಯಕ ತನ್ನ ಶ್ರುತಿಯನ್ನು ಹೇಳುವ ಕ್ರಮವೂ ನಮಗೆ ಪರಿಚಿತವೆನಿಸುತ್ತದೆ. ಸ್ವರದ ಹೆಸರನ್ನು ಅವನು ಹೇಳುವುದಿಲ್ಲ. "ಮೂರಕ್ಕೆ, ಪೋರ್ ಮೇದಿಯೋ" ಎನ್ನುತ್ತಾನೆ. ಪುಟ್ಟ ಹುಬ್ಬು ಮೂರನೆಯ ಮೆಟ್ಟಿಲಿಗೆ, ಬೆರಳುಗಳ ಭಂಗಿ 'ನಡುವಿನದು' ಎಂದು ಅರ್ಥ. ಇನ್ನೊಂದು ಭಂಗಿ 'ಪೋರ್ ಅರ್ರೀಬಾ', ಮೇಲಿನದು. ನಮ್ಮ 'ಮನೆ'ಯ ಲೆಕ್ಕಕ್ಕೂ ಇದಕ್ಕೂ ದೂರವಿಲ್ಲ.

1922ರ ಜೂನ್ ತಿಂಗಳಲ್ಲಿ ಗ್ರನಾಡಾದ ಅಲ್‌ಹಂಬ್ರಾ ಕೋಟೆಯ ಅಂಗಳದಲ್ಲಿ ಒಂದು ಗಾಯನ ಸ್ಪರ್ಧೆ ನಡೆಯಿತು. ಸಂಗೀತಕಾರ ಮಾನ್ವೆಲ್ ದ ಫಾಯಾ ಅದರ ಮುಂದಾಳು. ಆಗಿನ್ನೂ ಇಪ್ಪತ್ತನಾಲ್ಕು ವರ್ಷದ ಕವಿ ಫೆದೆರೀಕೋ ಗಾರ್ಸಿಯಾ ಲೋರ್ಕಾ ಅವರ ಜೊತೆಗಾರ. ಹಳ್ಳಿಗಳ ಆಳದ ಹಾಡು ನಾಟಕಶಾಲೆಗಳ ಥಳಕಿನಲ್ಲಿ ಕರಗಿಹೋಗುತ್ತಿದೆ ಎಂಬ ಆತಂಕದಿಂದ ಅದನ್ನು ಏರ್ಪಡಿಸಿದ್ದರು. ಅಲ್ಲಿ ಬಹುಮಾನ ಪಡೆದವರಲ್ಲಿ ಒಬ್ಬ ಎಪ್ಪತ್ತರ ಸುಮಾರಿನ ಮುದುಕ, ದಿಯೇಗೋ ಬೆರ್ಮೂದೆಸ್, 'ಎಲ್ ತೆನಾಸಾಸ್' ಎಂದು ಅಡ್ಡಹೆಸರು. ತನ್ನೂರು ಪ್ವೆಂತೆ ಹೆನೀಲಿನಿಂದ ಗ್ರನಾಡಾಕ್ಕೆ ನಡೆದೇ ಬಂದನೆಂಬ ಕಥೆ ಅವನ ಬಗ್ಗೆ ಹಬ್ಬಿದೆ. ಇನ್ನೊಬ್ಬ ಹನ್ನೆರಡು ವರ್ಷದ ಹುಡುಗ. ಮುಂದೆ ಮನೋಲೋ ಕರಕೋಲ್ ಎಂದು ಹೆಸರಾದವನು. ಗಿಟಾರು ಹಿಡಿದಿದ್ದವರಲ್ಲಿ ರಮೋನ್ ಮೋಂತೋಯಾ ಒಬ್ಬರು. ಎಪ್ಪತ್ತರ ಕೊರಳೂ ಹನ್ನೆರಡರ ಕೊರಳೂ ಒಂದೇ ಶ್ರುತಿಯಲ್ಲಿ ಹಾಡುವುದು ಹೇಗೆ? ಆ ಎರಡು ಕೊರಳುಗಳಿಗೂ ಒಂದೇ ಜಾತಿಯ ವಾದ್ಯ ಒದಗಿಬರುವುದಾದರೆ ಅದು ಪುಟ್ಟ ಹುಬ್ಬಿನ ದೆಸೆಯಿಂದ. ಲೋರ್ಕಾನ ಬಗ್ಗೆ ಬರೆಯುವವರು ಈ ಸ್ಪರ್ಧೆಯನ್ನು ಮರೆಯದೆ ಹೇಳುತ್ತಾರೆ; ಮರದ ತುಂಡಿನ ಮಾತನ್ನು ಯಾರೂ ಎತ್ತುವುದಿಲ್ಲ.

ಅಮೆರಿಕದ ಕಥೆ ಬೇರೆ. ಅಲ್ಲಿ ಕಾರ್ಖಾನೆಯ ವಾಸನೆ ಇದೆ. ಕನೆಕ್ಟಿಕಟ್ಟಿನ ವಲ್ಕಟ್‌ವಿಲ್ ಎಂಬ ಊರಿನಲ್ಲಿ ಇಂಗ್ಲೆಂಡಿನಿಂದ ಬಂದ ಜೇಮ್ಸ್ ಆಶ್‌ಬೋರ್ನ್ ಎಂಬಾತ ನೀರಿನ ಬಲದಿಂದ ನಡೆಯುವ ಯಂತ್ರಗಳನ್ನಿಟ್ಟುಕೊಂಡು ಗಿಟಾರುಗಳನ್ನು ಸಗಟಾಗಿ ತಯಾರಿಸಿ ನ್ಯೂಯಾರ್ಕಿನ ಅಂಗಡಿಗಳಿಗೆ ಕಳುಹಿಸುತ್ತಿದ್ದ. ಕೇಪೋ ಒಂದಕ್ಕೆ ಮೊತ್ತಮೊದಲ ಪೇಟೆಂಟು ಪಡೆದವನು ಅವನೇ, 1850ರಲ್ಲಿ. ಅಲ್ಲಿಂದ ಮುಂದೆ ಪೇಟೆಂಟುಗಳ ಮಳೆ. ತಿರುಪು, ಸನ್ನೆ, ಸುರುಳಿ, ರಬ್ಬರು, ಪಟ್ಟಿ, ಕೊಕ್ಕೆ ಹೀಗೆ ಯಂತ್ರಶಾಸ್ತ್ರದ ಬಾಲಬೋಧೆಯೆಲ್ಲ ಈ ಒಂದು ಪುಟ್ಟ ವಸ್ತುವಿನ ಮೇಲೆ ಪ್ರಯೋಗವಾಯಿತು.

ಇಷ್ಟೊಂದು ಪ್ರಯೋಗ ಏಕೆ? ಮರ, ದಾರ, ಬಿರಡೆ ಸಾಲದೆ? ಉತ್ತರ ತಂತಿಯಲ್ಲಿದೆ. ಸ್ಪೇನಿನ ಗಿಟಾರಿನ ತಂತಿ ಕರುಳಿನದು. 1940ರ ದಶಕದಿಂದ ನೈಲಾನಿನದು. ಕರುಳು, ನೈಲಾನು ಎರಡೂ ಸಹನೆಯುಳ್ಳವು. ತುಸು ಹೆಚ್ಚು ಒತ್ತಿದರೂ ಶ್ರುತಿ ಅಷ್ಟಾಗಿ ಕದಲುವುದಿಲ್ಲ. ಪಟ್ಟಿಯೂ ಸಪಾಟಾಗಿರುತ್ತದೆ, ನೆಟ್ಟಗಿನ ಮರದ ತುಂಡು ಅದರ ಮೇಲೆ ಸಲೀಸಾಗಿ ಕೂರುತ್ತದೆ. ಅಮೆರಿಕದಲ್ಲಿ 1920ರ ದಶಕದಿಂದೀಚೆಗೆ ಉಕ್ಕಿನ ತಂತಿಯ ಕಾಲ ಬಂತು. ಉಕ್ಕು ಕಠಿಣ. ಕೂದಲೆಳೆಯಷ್ಟು ಹಿಗ್ಗಿದರೂ ಅದರ ಬಿಗಿತ ಏರಿ ಸ್ವರ ಮೇಲಕ್ಕೆ ಜಿಗಿಯುತ್ತದೆ. ಜೊತೆಗೆ ಆ ಗಿಟಾರುಗಳ ಪಟ್ಟಿ ಅಡ್ಡಲಾಗಿ ತುಸು ಕಮಾನಿನಂತೆ ಉಬ್ಬಿರುತ್ತದೆ. ನೆಟ್ಟಗಿನ ಅಡ್ಡಪಟ್ಟಿಯನ್ನು ಅದರ ಮೇಲೆ ಒತ್ತಿದರೆ ನಡುವಿನ ತಂತಿಗಳು ಅತಿಯಾಗಿ ಒತ್ತಿಕೊಳ್ಳುತ್ತವೆ, ಅಂಚಿನವು ಸಡಿಲವಾಗಿ ಜಿರ್ರೆನ್ನುತ್ತವೆ. ಹೀಗಾಗಿ ಕೇಪೋಗಳನ್ನು ಹೋಲಿಸುವಾಗ ಹೊಳಪು, ಬಣ್ಣ, ಬೆಲೆ ನೋಡುವುದು ವ್ಯರ್ಥ. ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಒತ್ತುತ್ತದೆ, ಎಲ್ಲ ತಂತಿಗಳನ್ನೂ ಸಮನಾಗಿ ಒತ್ತುತ್ತದೆಯೆ?

ಎಲ್ಲಕ್ಕಿಂತ ಅಗ್ಗದ್ದು, ಬಹುಮಂದಿ ಮೊದಲು ಕೊಳ್ಳುವುದು, ಎಲಾಸ್ಟಿಕ್ ಪಟ್ಟಿಯದು. ರಬ್ಬರು ಹೊದ್ದ ಸರಳೊಂದು, ಅದನ್ನು ದಂಡಿಗೆ ಬಿಗಿಯುವ ಎಲಾಸ್ಟಿಕ್ಕು, ಅದರಲ್ಲಿ ಗುಂಡಿಯ ಮನೆಯಂಥ ರಂಧ್ರಗಳು. ಹಗುರ, ಜೇಬಿನಲ್ಲಿದ್ದರೂ ತಿಳಿಯದು. ಆದರೆ ಒತ್ತಡವನ್ನು ಒಂದು ರಂಧ್ರದಿಂದ ಇನ್ನೊಂದಕ್ಕೆ ಹಾರಿಯೇ ಬದಲಿಸಬೇಕು. ಎರಡರ ನಡುವಿನದು ಬೇಕೆಂದರೆ ದಾರಿಯಿಲ್ಲ. ಕಾಲಕ್ರಮದಲ್ಲಿ ಎಲಾಸ್ಟಿಕ್ಕು ಸೋಲುತ್ತದೆ, ಹಳೆಯ ಕಾಲುಚೀಲದ ಹಾಗೆ. ತೊಡಿಸುವಾಗ ಪಟ್ಟಿಯನ್ನು ಒಂದು ಬದಿಯಿಂದ ಎಳೆಯಬೇಕಾದ್ದರಿಂದ ತಂತಿಗಳೂ ಆ ಕಡೆಗೆ ವಾಲುತ್ತವೆ. ಇದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ಸ್ಪ್ರಿಂಗಿನ ಕೇಪೋ ಈಗ ಎಲ್ಲೆಲ್ಲೂ ಕಾಣುವಂಥದು. ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಿರಿಯಣ್ಣ ಎನ್ನಬಹುದು. ಟೆಕ್ಸಸ್ಸಿನ ಮಿಲ್ಟನ್ ಕೈಸರ್ ಎಂಬುವರ ಕೇಪೋ 1980ರ ದಶಕದಲ್ಲಿ ಈ ಮಾದರಿಯನ್ನು ಮನೆಮಾತಾಗಿಸಿತು. ಒಂದೇ ಕೈಯಲ್ಲಿ ಹಿಸುಕಿ ತೆಗೆದು ಇನ್ನೊಂದು ಮೆಟ್ಟಿಲಿಗೆ ಇಡಬಹುದು. ಬೇಡವಾದಾಗ ಗಿಟಾರಿನ ತಲೆಗೇ ಕಚ್ಚಿಸಿಡಬಹುದು. ಸಭೆಯ ಮುಂದೆ ಹಾಡಿನಿಂದ ಹಾಡಿಗೆ ಶ್ರುತಿ ಬದಲಿಸುವವರಿಗೆ ಇದರಷ್ಟು ಸುಖ ಬೇರೊಂದಿಲ್ಲ. ದೋಷ ಇದರ ಹುಟ್ಟಿನಲ್ಲೇ ಇದೆ. ಎಷ್ಟು ಒತ್ತಬೇಕೆಂಬುದನ್ನು ನಿರ್ಧರಿಸುವುದು ಸ್ಪ್ರಿಂಗು, ನುಡಿಸುವವರಲ್ಲ. ಎಲ್ಲ ಗಿಟಾರುಗಳಿಗೂ ಸಾಲಲಿ ಎಂದು ಅದನ್ನು ಬಲವಾಗಿಯೇ ಮಾಡಿರುತ್ತಾರೆ. ಹೀಗಾಗಿ ಹೆಚ್ಚಿನ ಗಿಟಾರುಗಳ ಪಾಲಿಗೆ ಅದು ಅತಿಬಲವೇ. ಎರಡನೆಯ ಮೆಟ್ಟಿಲಿಗೆ ಕಚ್ಚಿಸಿ ನುಡಿಸಿ ನೋಡಿ: ದಪ್ಪ ತಂತಿಗಳು ತುಸು ಮೇಲಕ್ಕೆ ಓಡಿರುತ್ತವೆ. ಕಿವಿ ಸೂಕ್ಷ್ಮವಾಗಿದ್ದವರಿಗೆ ಅದು ಪಾಯಸದಲ್ಲಿ ಸಿಕ್ಕ ಕಲ್ಲು.

ರಿಕ್ ಶಬ್ ಎಂಬ ಕ್ಯಾಲಿಫೋರ್ನಿಯಾದ ಬ್ಯಾಂಜೋ ವಾದಕ ಮತ್ತು ಡೇವ್ ಕೂಂಟ್ಸ್ ಎಂಬ ಜೊತೆಗಾರ ಈ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಬಿಡಿಸಿದರು. 1974ರಲ್ಲಿ ಅವರು ಕೈಹಾಕಿದ್ದು ಬ್ಯಾಂಜೋದ ಐದನೆಯ ತಂತಿಗೆ. ಆ ತಂತಿ ಉಳಿದವುಗಳಿಗಿಂತ ಗಿಡ್ಡ, ದಂಡಿಯ ನಡುವೆ ಐದನೆಯ ಮೆಟ್ಟಿಲಿನ ಬಳಿ ಹುಟ್ಟುತ್ತದೆ. ಅದಕ್ಕೆ ಪ್ರತ್ಯೇಕ ಕೇಪೋ ಬೇಕು. ಗಿಟಾರಿನ ಕೇಪೋ ಬಂದದ್ದು 1980ರಲ್ಲಿ. ಅದರ ಸನ್ನೆಯನ್ನು ಮಡಿಸುವಾಗ ಒಂದು ಹಂತದವರೆಗೆ ಅದು ಎದುರಿಸುತ್ತದೆ. ಆ ಹಂತ ದಾಟಿದೊಡನೆ ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ. ಹಿಂಬದಿಯ ಪುಟ್ಟ ತಿರುಪಿನಿಂದ ಒತ್ತಡವನ್ನು ಒಮ್ಮೆ ಹೊಂದಿಸಿಟ್ಟರೆ ಪ್ರತಿ ಸಲವೂ ಅಷ್ಟೇ ಒತ್ತುತ್ತದೆ. ಮೆಟ್ಟಿಲು ಏರಿದಂತೆ ದಂಡಿ ದಪ್ಪವಾಗುವುದರಿಂದ ಐದಕ್ಕೋ ಏಳಕ್ಕೋ ಹೋದಾಗ ತಿರುಪನ್ನು ಮತ್ತೆ ಮುಟ್ಟಬೇಕು, ಇದೊಂದು ಕಿರುಕುಳ. ಆದರೆ ತಂತಿಯ ಮೇಲೆ ಕೂರುವ ರಬ್ಬರಿನ ಹದ ಬೆರಳಿನ ತುದಿಯ ಹದಕ್ಕೆ ಹತ್ತಿರ, ದನಿ ಶುದ್ಧ.

ದಂಡಿಯನ್ನು ಸುತ್ತುವರಿದು ಹಿಂಬದಿಯ ನಡುವಿನಿಂದ ತಿರುಪಿನಲ್ಲಿ ಬಿಗಿಯುವ, ಎತ್ತಿನ ನೊಗದಂಥ ಕೇಪೋಗಳೂ ಇವೆ. ಒತ್ತಡ ನಡುವಿನಿಂದ ಬರುವುದರಿಂದ ತಂತಿ ಅತ್ತಿತ್ತ ವಾಲುವುದಿಲ್ಲ. ಶ್ರುತಿಶುದ್ಧಿಯೊಂದನ್ನೇ ನೋಡುವುದಾದರೆ ಇವೇ ಮೇಲು ಎಂದು ನನ್ನ ಕಿವಿ ಹೇಳುತ್ತದೆ. ಅವಸರದವರಿಗೆ ಮಾತ್ರ ಇವು ಹೇಳಿದ್ದಲ್ಲ. ಇಂಗ್ಲೆಂಡಿನಲ್ಲಿ 2004ರಲ್ಲಿ ನಿಕ್ ಕ್ಯಾಂಪ್ಲಿಂಗ್ ಸ್ಥಾಪಿಸಿದ ಜಿ-ಸೆವೆಂತ್ ಸಂಸ್ಥೆಯ ಕೇಪೋದಲ್ಲಿ ಸ್ಪ್ರಿಂಗಿಗೂ ತಿರುಪಿಗೂ ಬದಲಾಗಿ ಒಳಗೊಂದು ಕ್ಲಚ್ಚು ಇದೆ. ಕೈಯಿಂದ ಎಷ್ಟು ಹಿಸುಕುತ್ತೇವೆಯೋ ಅಷ್ಟಕ್ಕೇ ಅದು ಕಚ್ಚಿ ನಿಲ್ಲುತ್ತದೆ. ನಿರ್ಧಾರ ಮತ್ತೆ ಕೈಗೆ ಬಂತು. ಸೆಹೀಯಾದ ಬಿರಡೆಯನ್ನು ತಿರುವುತ್ತಿದ್ದ ಕೈಯೂ ಮಾಡುತ್ತಿದ್ದದ್ದು ಇದನ್ನೇ. ಲೋಹವಿದ್ಯೆಯ ಅಷ್ಟು ದೊಡ್ಡ ಪ್ರದಕ್ಷಿಣೆ ಮುಗಿಸಿ ಅಲ್ಲಿಗೇ ಬಂದು ನಿಂತಂತಾಯಿತು.

ಕೇಪೋವನ್ನು ಕಂಡರೆ ಮೂಗುಮುರಿಯುವವರು ಯಾವಾಗಲೂ ಇದ್ದಾರೆ. ಇಂಗ್ಲಿಷ್ ಮಾತಾಡುವ ಗಿಟಾರಿನವರಲ್ಲಿ ಇದಕ್ಕೆ 'ಚೀಟರ್' ಎಂಬ ಹಾಸ್ಯದ ಹೆಸರೇ ಇದೆ. ಬೆರಳಿನ ಶ್ರಮ ತಪ್ಪಿಸಿಕೊಳ್ಳುವ ಮೋಸಗಾರ ಎಂಬರ್ಥದಲ್ಲಿ. ಶಾಸ್ತ್ರೀಯ ಗಿಟಾರಿನವರಂತೂ ಇದನ್ನು ಮುಟ್ಟುವುದು ಅಪರೂಪ. ಆದರೆ ಅವರಲ್ಲೇ ಕೆಲವರು ಡೌಲೆಂಡನ ಕಾಲದ ಲ್ಯೂಟ್ ಕೃತಿಗಳನ್ನು ನುಡಿಸುವಾಗ ಲ್ಯೂಟಿನ ಎತ್ತರಕ್ಕೆ ಬರಲೆಂದು ಮೂರನೆಯ ಮೆಟ್ಟಿಲಿಗೆ ಇದನ್ನು ತೊಡಿಸುತ್ತಾರೆ. ಮಡಿ ಯಾವಾಗ ಬೇಕು, ಯಾವಾಗ ಬೇಡ ಎಂಬುದು ಎಲ್ಲ ದೇಶಗಳಲ್ಲೂ ಅನುಕೂಲಕ್ಕೆ ಬಿಟ್ಟ ವಿಷಯ. ಬ್ಲೂಸ್ ವಾದಕ ಆಲ್ಬರ್ಟ್ ಕಾಲಿನ್ಸ್ ವಿದ್ಯುತ್ ಗಿಟಾರಿನ ಮೇಲೆ ಕೇಪೋವನ್ನು ಬಹಳ ಎತ್ತರದಲ್ಲಿ ಕಟ್ಟಿ ನುಡಿಸುತ್ತಿದ್ದರು. ಹಿಮದಂತೆ ಕೊರೆಯುವ ಅವರ ದನಿಯ ಗುಟ್ಟಿನಲ್ಲಿ ಅದಕ್ಕೂ ಪಾಲಿದೆ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1969ರಲ್ಲಿ 'ಹಿಯರ್ ಕಮ್ಸ್ ದ ಸನ್' ಹಾಡಿಗೆ ಏಳನೆಯ ಮೆಟ್ಟಿಲನ್ನು ಆರಿಸಿಕೊಂಡರು. ಅಲ್ಲಿ ತಂತಿಯ ಉದ್ದ ಮೂರರಲ್ಲಿ ಎರಡು ಪಾಲಿಗೆ ಇಳಿದಿರುತ್ತದೆ; ಗಿಟಾರು ತನ್ನ ಗಡಸುತನವನ್ನೆಲ್ಲ ಕಳೆದುಕೊಂಡು ಎಳೆಯದಾಗುತ್ತದೆ. ಬರಿಯ ಬೆರಳುಗಳಿಂದ ಆ ದನಿಯನ್ನು ಪಡೆಯುವುದು ಎಂಥ ಶ್ರಮಜೀವಿಗೂ ಆಗದು. ಇದನ್ನು ಸೋಮಾರಿತನವೆನ್ನುವುದಾದರೆ ತಂಬೂರಿಗೆ ಜೀವಾಳದ ಎಳೆ ಹಾಕುವುದನ್ನೂ ಸೋಮಾರಿತನವೆನ್ನಬೇಕು.

ಒಂದು ಮಿತಿ ಇದೆ, ಅದನ್ನು ಮುಚ್ಚಿಡಬಾರದು. ಕೇಪೋ ಶ್ರುತಿಯನ್ನು ಏರಿಸಬಲ್ಲದು, ಇಳಿಸಲಾರದು. ಹಾಡುವವರಿಗೆ ವಯಸ್ಸಾಗುತ್ತದೆ, ಕೊರಳು ಕೆಳಗಿಳಿಯುತ್ತದೆ. ಎರಡನೆಯ ಮನೆಯಲ್ಲಿ, ಅಂದರೆ ಡಿ ಸ್ವರದಲ್ಲಿ ಹಾಡುತ್ತಿದ್ದವರು ಒಂದನೆಯ ಮನೆಗೆ, ಸಿ ಸ್ವರಕ್ಕೆ ಇಳಿಯಬೇಕಾದರೆ ನುಡಿಸುವವರು ತಮ್ಮ ಹಳೆಯ ಭಂಗಿಯನ್ನು ಬಿಡಬೇಕು. ಎ ಸ್ವರದ ಭಂಗಿಗೆ ಹೋಗಿ ಮೂರನೆಯ ಮೆಟ್ಟಿಲಿಗೆ ಕೇಪೋ ಕಟ್ಟಿದರೆ ಸಿ ದೊರೆಯುತ್ತದೆ. ಬೆರಳುಗಳು ಹೊಸದಾಗಿ ದಾರಿ ಕಲಿಯಬೇಕು. ಹಾಡಿನ ಹಿನ್ನೆಲೆಯ ಬಣ್ಣವೂ ತುಸು ಬೇರೆಯಾಗುತ್ತದೆ. ಅದಾದರೂ ಬಿಟ್ಟ ತಂತಿಗಳ ಮಿಡಿತ ಉಳಿದೇ ಇರುತ್ತದೆ.

ಕಟ್ಟುವ ಜಾಗದ ಬಗ್ಗೆ ಒಂದು ಮಾತು. ಮೆಟ್ಟಿಲಿಗೆ ಆದಷ್ಟು ಹತ್ತಿರ, ಆದರೆ ಅದರ ಮೇಲೆ ಹತ್ತದಂತೆ, ಅದಕ್ಕೆ ಸಮಾಂತರವಾಗಿ ಇಡಬೇಕು. ದೂರ ಇಟ್ಟಷ್ಟೂ ಹೆಚ್ಚು ಒತ್ತಬೇಕಾಗುತ್ತದೆ, ಒತ್ತಿದಷ್ಟೂ ತಂತಿ ಹಿಗ್ಗುತ್ತದೆ. ಕಟ್ಟಿದ ಮೇಲೆ ಒಂದೊಂದೇ ತಂತಿಯನ್ನು ಮೀಟಿ ಕೇಳಿ, ಬೇಕಾದರೆ ಬಿರಡೆಯನ್ನು ಎಳ್ಳಷ್ಟು ತಿರುವಬೇಕು. ನುಡಿಸಿ ಮುಗಿದ ಕೂಡಲೇ ಬಿಚ್ಚಿಡುವುದೂ ಒಳ್ಳೆಯದು. ರಾತ್ರಿಯೆಲ್ಲ ಒತ್ತಿಕೊಂಡಿದ್ದ ರಬ್ಬರಿನಲ್ಲಿ ತಂತಿಗಳ ಗೆರೆ ಬೀಳುತ್ತದೆ.

ನನ್ನ ಮೇಜಿನ ಮೇಲಿನವುಗಳಲ್ಲಿ ಯಾವುದು ಮೇಲು ಎಂದು ಕೇಳುವವರಿಗೆ ನಾನು ಒಂದರ ಹೆಸರು ಹೇಳುವುದಿಲ್ಲ. ನೈಲಾನಿನ ತಂತಿಗೆ ನನಗೆ ಇಂದಿಗೂ ಮರದ ಪುಟ್ಟ ಹುಬ್ಬೇ ಬೇಕು. ಉಕ್ಕಿನ ತಂತಿಯ ಗಿಟಾರು ಹಿಡಿದು ಒಬ್ಬನೇ ಕೂತಾಗ ಸನ್ನೆಯ ಕೇಪೋ. ಪಕ್ಕದಲ್ಲಿ ಹಾಡುವವರಿದ್ದು, ಅವರು ಪಲ್ಲವಿಯನ್ನು ಒಮ್ಮೆ ಗುನುಗಿ ನೋಡಿ "ಇನ್ನರ್ಧ ಮನೆ ಮೇಲೆ ಹೋಗೋಣ" ಎನ್ನುವ ಸ್ವಭಾವದವರಾದರೆ, ಶ್ರುತಿ ತುಸು ಕಲ್ಲಾದರೂ ಚಿಂತೆಯಿಲ್ಲವೆಂದು ಸ್ಪ್ರಿಂಗಿನದನ್ನೇ ಗಿಟಾರಿನ ತಲೆಗೆ ಕಚ್ಚಿಸಿಟ್ಟುಕೊಂಡು ಕಾಯುತ್ತೇನೆ.